ಪಾರ್ಶ್ವವಾಯುವಿನ ನಂತರ ಕೈಗೆ ಚಿಕಿತ್ಸೆ: ಕೈಗವಸೋ, ಕನ್ನಡಿಯೋ, ವಿದ್ಯುತ್ತೋ?

ಪಾರ್ಶ್ವವಾಯುವಿನಿಂದ ಸೋತ ಕೈಗೆ ಕೈಗವಸು, ಕನ್ನಡಿ, ವಿದ್ಯುತ್ ಪ್ರಚೋದನೆ ಈ ಮೂರು ಚಿಕಿತ್ಸೆಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ಮೊದಲು ಕೈಯನ್ನೇ ನೋಡಿ. ಮೇಜಿನ ಅಂಚಿನಿಂದ ಇಳಿಬಿಟ್ಟ ಮಣಿಕಟ್ಟು ತುಸುವಾದರೂ ಮೇಲೇಳುತ್ತದೆಯೇ? ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆಯೇ? ಅರ್ಧ ಆಯ್ಕೆ ಅಲ್ಲೇ ಆಗಿಹೋಗುತ್ತದೆ.

ಬಿಚ್ಚಿಕೊಂಡರೆ ನನ್ನ ಒಲವು ನಿರ್ಬಂಧ ಚಿಕಿತ್ಸೆಯತ್ತ. ಸರಿಯಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಲೋಟ ಎತ್ತಿಸುತ್ತಾರೆ, ಗುಂಡಿ ಹಾಕಿಸುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಅಧ್ಯಯನದಲ್ಲಿ 222 ಮಂದಿ ಇದ್ದರು. ಎರಡು ವಾರ ಹೀಗೆ ಅಭ್ಯಾಸ ಮಾಡಿದವರ ಸುಧಾರಣೆ ವರ್ಷದ ನಂತರವೂ ಉಳಿದಿತ್ತು. ಆದರೆ ಇದು ಬಲು ಕಠಿಣ: ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಕಾಲ ಕೈಗವಸು, ದಿನಕ್ಕೆ ಆರು ಗಂಟೆಯವರೆಗೆ ಅಭ್ಯಾಸ. ರೋಗಿ ಸುಸ್ತಾಗುತ್ತಾರೆ, ರೇಗುತ್ತಾರೆ. ಪಕ್ಕದಲ್ಲಿ ಕೂರುವವರಿಗೂ ತಾಳ್ಮೆ ಬೇಕು. ನಡೆಯುವಾಗ ಆಯ ತಪ್ಪುವವರ ಒಳ್ಳೆಯ ಕೈಯನ್ನು ಹೀಗೆ ಕಟ್ಟಿಹಾಕುವುದು ಅಪಾಯಕರ.

ಬೆರಳು ಅಲುಗದವರಿಗೂ ಕನ್ನಡಿ ಚಿಕಿತ್ಸೆ ಸಾಧ್ಯ. ಖರ್ಚು ಒಂದು ಕನ್ನಡಿಯಷ್ಟೇ. ಅದನ್ನು ಎರಡು ಕೈಗಳ ನಡುವೆ ನಿಲ್ಲಿಸಿದರೆ, ಒಳ್ಳೆಯ ಕೈ ಮುಷ್ಟಿ ಬಿಚ್ಚಿದಾಗ ಸೋತ ಕೈಯೇ ಬಿಚ್ಚಿದಂತೆ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ, ಕೆಲವು ವಾರ. ಮನಸ್ಸು ನಿಲ್ಲದವರಿಗೆ ಮಾತ್ರ ಕಷ್ಟ.

ವಿದ್ಯುತ್ ಪ್ರಚೋದನೆಗೆ ಯಂತ್ರ ಬೇಕು, ಖರ್ಚು ಹೆಚ್ಚು. ಅದು ಹರಿಸುವ ಸಣ್ಣ ವಿದ್ಯುತ್ತಿನಿಂದ ಮುಂಗೈ ಸ್ನಾಯು ಸೆಳೆದಾಗ ರೋಗಿಯೂ ಜೊತೆಗೇ ಕೈ ಆಡಿಸಲು ಪ್ರಯತ್ನಿಸಬೇಕು. ಸುಮ್ಮನೆ ಕುಳಿತರೆ ಲಾಭ ಕಡಿಮೆ. ಪೇಸ್‌ಮೇಕರ್ ಇದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಕನ್ನಡಿಯಿಂದ ಆರಂಭಿಸಿ, ಬೆರಳು ಬಿಚ್ಚತೊಡಗಿದ ಮೇಲೆ ಕೈಗವಸಿಗೆ ಬದಲಾಯಿಸಲೂಬಹುದು.