ಕಣ್ಣನ್ನು ರಂಗಕ್ಕೆ ಕರೆದೊಯ್ಯುವ ರೇಖೆಗಳು: ಒಂದು ಮರುಮುದ್ರಣದ ವಿಮರ್ಶೆ

ಜಪಾನಿನ ಕಲಾವಿದ ಒಕುಮುರಾ ಮಸನೊಬು 1740ರ ದಶಕದಲ್ಲಿ ರಚಿಸಿದ, ಎಡೋ (ಇಂದಿನ ಟೋಕಿಯೊ) ನಗರದ ಕಬುಕಿ ಎಂಬ ಸಾಂಪ್ರದಾಯಿಕ ನಾಟಕದ ರಂಗಮಂದಿರದ ಒಳಭಾಗವನ್ನು ತೋರಿಸುವ ಮರದಚ್ಚಿನ ಚಿತ್ರವೊಂದರ ಮರುಮುದ್ರಣವನ್ನು ಈಚೆಗೆ ತರಿಸಿಕೊಂಡೆ. ಚಾವಣಿಯ ತೊಲೆಗಳೂ ಎರಡೂ ಬದಿಯ ಪ್ರೇಕ್ಷಕರ ಅಟ್ಟಣಿಗೆಗಳೂ ದೂರ ಸರಿದಂತೆಲ್ಲ ಕಿರಿದಾಗುತ್ತಾ ನೋಡುವವರ ಕಣ್ಣನ್ನು ನೇರವಾಗಿ ರಂಗದತ್ತ ಕರೆದೊಯ್ಯುತ್ತವೆ. ದೂರ ಸರಿಯುವ ರೇಖೆಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿ ಆಳವನ್ನು ತೋರಿಸುವ ಯುರೋಪಿನ ಪರ್ಸ್‌ಪೆಕ್ಟಿವ್ ಕ್ರಮವನ್ನು ಅಳವಡಿಸಿಕೊಂಡ ಇಂಥ ಚಿತ್ರಗಳಿಗೆ ‘ಉಕಿ-ಎ’, ಅಂದರೆ ತೇಲುವ ಚಿತ್ರ, ಎಂಬ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಅಳತೆಪಟ್ಟಿ ಇಟ್ಟು ನೋಡಿದರೆ ರೇಖೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಆದರೆ ಹೊಸ ವಿದ್ಯೆಯನ್ನು ಕಲಿಯುತ್ತಿರುವ ಕೈಯ ಉತ್ಸಾಹ ಕಾಣುವುದೇ ಅಲ್ಲಿ, ಮತ್ತು ನನಗೆ ಅದೇ ಹೆಚ್ಚು ಪ್ರಿಯ. ಮುದ್ರಣದ ಗೆರೆಗಳು ಸ್ಫುಟವಾಗಿವೆ, ಕಾಗದವೂ ದಪ್ಪಗಿದೆ. ಮೇಲಂಚನ್ನು ಮಾತ್ರ ಕತ್ತರಿಸಬಾರದಿತ್ತು. ಆಳದ ಭಾವ ಹುಟ್ಟುವುದೇ ಚಾವಣಿಯಿಂದ.