ಕಾಡು ಟರ್ಕಿ ಬೇಟೆಯ ‘ಮೂರು ಕಾಲ್’ ಪೊಟ್ಟಣ: ಹೊಸಬರಿಗೆ ಯಾವುದು ಬೇಕು, ಯಾವುದು ಬೇಡ

ಟರ್ಕಿ ಎಂಬ ಕೋಳಿಯಂಥ ದೊಡ್ಡ ಹಕ್ಕಿಯ ವಸಂತದ ಬೇಟೆ ಸೀಸನ್ ಹತ್ತಿರ ಬಂದರೆ ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಹೊಸಬರಿಗೆಂದೇ ಒಂದು ಪೊಟ್ಟಣ ಮುಂದಿನ ಸಾಲಿಗೆ ಬರುತ್ತದೆ. ಒಳಗೆ ಮೂರು ‘ಕಾಲ್’, ಅಂದರೆ ಹಕ್ಕಿಯನ್ನು ಕರೆಯುವ ಸಾಧನಗಳು: ಬಾಕ್ಸ್ ಕಾಲ್, ಸ್ಲೇಟ್ ಕಾಲ್ ಮತ್ತು ಬಾಯಲ್ಲಿ ಇಟ್ಟುಕೊಳ್ಳುವ ಡಯಾಫ್ರಮ್. ಮೂರರ ಕೆಲಸವೂ ಒಂದೇ: ಹೆಣ್ಣು ಟರ್ಕಿಯ ದನಿ ಹೊರಡಿಸಿ ಗಂಡನ್ನು ಬಂದೂಕಿನ ಅಳತೆಗೆ ಕರೆಯುವುದು. ಬೆಲೆ ಕಡಿಮೆ ಅನ್ನಿಸಿದರೂ ಇದನ್ನು ಇಡಿಯಾಗಿ ಕೊಳ್ಳುವ ಅಗತ್ಯವಿಲ್ಲ. ಬಾಕ್ಸ್ ಮತ್ತು ಸ್ಲೇಟ್ ಎರಡಕ್ಕೂ ಎರಡು ಕೈ ಬೇಕು. ಮೊದಲ ವರ್ಷಕ್ಕೆ ಎರಡು ಕೈಯದೊಂದು, ಕೈಯೇ ಬೇಡದ್ದೊಂದು ಇದ್ದರೆ ಸಾಕು.

ಬಾಕ್ಸ್ ಕಾಲ್‌ಗೆ ಪೂರ್ತಿ ಅಂಕ. ತೆಳುಗೋಡೆಯ ಉದ್ದನೆಯ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ಸ್ಕ್ರೂ ಮತ್ತು ಸ್ಪ್ರಿಂಗ್ ಮೇಲೆ ಕೂತ, ಹಿಡಿ ಇರುವ ಮುಚ್ಚಳ. ಮುಚ್ಚಳ ಗೋಡೆಯಂಚಿಗೆ ಉಜ್ಜಿದಾಗ ದನಿ ಹೊರಡುತ್ತದೆ. ಹೆಣ್ಣಿನ ಸಾಮಾನ್ಯ ಕರೆಯಾದ ಯೆಲ್ಪ್‌ಗೆ ಎರಡು ಸೆಂಟಿಮೀಟರ್‌ನಷ್ಟು ಎಳೆತ ಸಾಕು, ಚುಟುಕು ಸ್ವರವಾದ ಕ್ಲಕ್‌ಗೆ ಅಂಚಿನ ಮೇಲೆ ಒಂದು ಚಿಕ್ಕ ಚಿಮ್ಮು. ಹೊಸಬರು ಮಾಡುವ ತಪ್ಪು ಮುಚ್ಚಳವನ್ನು ಮೇಲೆತ್ತಿ ಬಡಿಯುವುದು; ಆಗ ಕೇಳುವುದು ಹಕ್ಕಿಯ ದನಿಯಲ್ಲ, ಮರದ ಸದ್ದು. ಮುಚ್ಚಳದ ತಳಕ್ಕೆ ಬೆರಳು ತಾಗಬಾರದು. ಚರ್ಮದ ಎಣ್ಣೆ ಹತ್ತಿದರೆ ಅಲ್ಲಿ ಜಾರುತ್ತದೆ, ದನಿ ಮಧ್ಯದಲ್ಲೇ ತುಂಡಾಗುತ್ತದೆ. ಸೀಮೆಸುಣ್ಣ ಹಚ್ಚಲೇಬೇಕು, ಆದರೆ ಮೇಣ, ಎಣ್ಣೆ ಇಲ್ಲದ್ದು. ದನಿ ಸರಿಯಿಲ್ಲವೆಂದು ಸ್ಕ್ರೂ ತಿರುಗಿಸಲು ಹೋಗಬೇಡಿ: ತಯಾರಕ ಕೂರಿಸಿದ ಶ್ರುತಿ ಕೆಟ್ಟರೆ ಮತ್ತೆ ಹಿಡಿಯುವುದು ಕಷ್ಟ. ನಡೆಯುವಾಗ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಕೀಚಲು. ಇದರ ದೊಡ್ಡ ದೌರ್ಬಲ್ಯ ಮಳೆ. ಒದ್ದೆಯಾದ ಬಾಕ್ಸ್ ಮೂಕ. ಕೈ ಒಳಗೆ ತೂರಿಸಿ ಬಾರಿಸುವಷ್ಟು ದೊಡ್ಡ ಪ್ಲಾಸ್ಟಿಕ್ ಚೀಲ ಜೇಬಿನಲ್ಲಿರಲಿ.

ಪೊಟ್ಟಣದ ಸ್ಲೇಟ್ ಕಾಲ್ ಸಾಧಾರಣ. ಇದು ಪುಟ್ಟ ಬಟ್ಟಲಿನ ಮೇಲೆ ಕೂರಿಸಿದ ಸ್ಲೇಟು ಕಲ್ಲಿನ ಅಥವಾ ಗಾಜಿನ ಬಿಲ್ಲೆ; ಅದನ್ನು ಸ್ಟ್ರೈಕರ್ ಎಂಬ ಕಡ್ಡಿಯಿಂದ ಉಜ್ಜಿ ದನಿ ಹೊರಡಿಸುತ್ತಾರೆ. ಒಳ್ಳೆಯ ಸ್ಲೇಟಿನಲ್ಲಿ ಬರುವಷ್ಟು ಮೃದುವಾದ ಪರ್ (ಗುರುಗುಟ್ಟುವ ಮೆಲು ದನಿ) ಬಾಕ್ಸ್‌ನಲ್ಲಿ ಸುಲಭವಾಗಿ ಬರುವುದಿಲ್ಲ, ನಿಜ. ಆದರೆ ಅದು ಬಯಸುವ ಆರೈಕೆ ಜಾಸ್ತಿ. ಮೇಲ್ಮೈಯನ್ನು ಪಾತ್ರೆ ಉಜ್ಜುವ ಹಸಿರು ಪ್ಯಾಡ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ, ಸ್ಟ್ರೈಕರನ್ನು ಆ ಗೆರೆಗಳಿಗೆ ಅಡ್ಡಲಾಗಿ ಎಳೆಯಬೇಕು. ಗಾಜಿನದಾದರೆ ಪ್ಯಾಡ್ ಸಾಲದು, ಉಪ್ಪುಕಾಗದವೇ ಬೇಕು. ಬಟ್ಟಲನ್ನು ಅಂಗೈಯಲ್ಲಿ ಕೂರಿಸಿಕೊಂಡರೆ ತಳದ ತೂತುಗಳು ಮುಚ್ಚಿ ದನಿ ಉಸಿರುಗಟ್ಟುತ್ತದೆ. ಬೆರಳ ತುದಿಗಳಲ್ಲಿ ಹಿಡಿಯಿರಿ. ಸ್ಟ್ರೈಕರಿನ ಮೊನೆ ಸ್ವರ ಮುಗಿಯುವವರೆಗೂ ಮೇಲ್ಮೈ ಬಿಟ್ಟು ಏಳಬಾರದು.

ಡಯಾಫ್ರಮ್ ಬಿಡುವ ಹಾಗಿಲ್ಲ. ಟೇಪು ಸುತ್ತಿದ, ಕುದುರೆಲಾಳದ ಆಕಾರದ ಪುಟ್ಟ ಚೌಕಟ್ಟಿಗೆ ಬಿಗಿದ ತೆಳು ಲೇಟೆಕ್ಸ್ ಪದರಗಳೇ ಇದರ ‘ರೀಡ್’. ಗಂಡು ಐವತ್ತು ಗಜದೊಳಗೆ ಬಂದಾಗ ಬಂದೂಕು ಮೊಣಕಾಲ ಮೇಲೆ ಸಿದ್ಧವಿರಬೇಕು, ಮೈ ಅಲುಗಬಾರದು. ಟರ್ಕಿಯ ಕಣ್ಣು ಬಲು ಚುರುಕು, ಪೆಟ್ಟಿಗೆಯ ಮೇಲೆ ಆಡುವ ಕೈಯನ್ನು ಮೊದಲು ನೋಡುವುದು ಅದೇ. ಆದರೆ ಪೊಟ್ಟಣದಲ್ಲಿ ಬರುವುದು ಮೂರು ರೀಡ್‌ನದಾದರೆ ಎತ್ತಿಟ್ಟು, ಎರಡು ರೀಡ್‌ನದೊಂದು ಬೇರೆಯಾಗಿ ಕೊಳ್ಳಿ. ರೀಡ್ ಹೆಚ್ಚಿದಷ್ಟೂ ಉಸಿರಿನ ಒತ್ತಡ ಹೆಚ್ಚು ಬೇಕು. ತೆರೆದ ಬದಿ ಹಲ್ಲಿನ ಕಡೆ ಇರಲಿ. ಅಂಗುಳಕ್ಕೆ ಒತ್ತಿ, ನಾಲಿಗೆಯನ್ನು ರೀಡ್‌ಗೆ ಹಗುರವಾಗಿ ತಾಗಿಸಿ, ಗಾಳಿಯನ್ನು ಕೆನ್ನೆಯಿಂದಲ್ಲ, ಎದೆಯಿಂದ ತಳ್ಳಿ. ಸುತ್ತಲಿನಿಂದ ಗಾಳಿ ಸೋರಿದರೆ ಬರೀ ಬುಸುಗುಟ್ಟುತ್ತದೆ. ವಾಕರಿಕೆ ಬಂದರೆ ಟೇಪಿನ ಅಂಚನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಚೌಕಟ್ಟನ್ನು ಚೂರು ಬಾಗಿಸಿ.

ಪೊಟ್ಟಣದ ಕೈಪಿಡಿ ಸಾಮಾನ್ಯವಾಗಿ ಸ್ವರಗಳನ್ನು ಕಲಿಸಿ ಅಲ್ಲಿಗೇ ಮುಗಿಯುತ್ತದೆ. ಯಾವಾಗ ಸುಮ್ಮನಿರಬೇಕು ಎನ್ನುವುದು ಅದರಲ್ಲಿ ಸಿಗುವುದು ಅಪರೂಪ. ಟರ್ಕಿಗಳ ಲೋಕದಲ್ಲಿ ಗಂಡು ಕೂಗುತ್ತದೆ, ಹೆಣ್ಣು ಅದರ ಬಳಿ ಹೋಗುತ್ತದೆ. ನಾವು ಕೇಳುತ್ತಿರುವುದು ಅದರ ಉಲ್ಟಾ. ಅತಿಯಾಗಿ ಕರೆದರೆ ಗಂಡು ಎಪ್ಪತ್ತು ಎಂಬತ್ತು ಗಜದಲ್ಲೇ ಬಾಲ ಬಿಚ್ಚಿ ನಿಂತು, ಹೆಣ್ಣೇ ಬರಲೆಂದು ಕಾಯುತ್ತದೆ. ಸೀಸದ ಸಾಧಾರಣ ತೋಟೆಗೆ ನಲವತ್ತು ಗಜವೇ ಮಿತಿ ಎಂದಿಟ್ಟುಕೊಂಡರೆ ಅದು ಅಲ್ಲಿದ್ದೂ ಇಲ್ಲದಂತೆಯೇ. ಬೆಳಕು ಹರಿಯುವ ಮುಂಚೆ, ಹಕ್ಕಿ ಇನ್ನೂ ಮರದ ಮೇಲಿರುವಾಗ, ಮೂರು ನಾಲ್ಕು ಮೆಲು ಯೆಲ್ಪ್. ಅದು ಉತ್ತರ ಕೊಟ್ಟರೆ ನೆಲಕ್ಕಿಳಿಯುವ ತನಕ ಬಾಯಿ ಕಟ್ಟಿ. ಆಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸಾಕು. ಕೂಗುತ್ತಿದ್ದ ಗಂಡು ತಟ್ಟನೆ ಮೌನವಾದರೆ ಎದ್ದು ಹೋಗಬೇಡಿ, ಎಷ್ಟೋ ಸಲ ಅದು ಸದ್ದಿಲ್ಲದೆ ನಡೆದು ಬರುತ್ತಿರುತ್ತದೆ.

ಕೆಲವು ಪೊಟ್ಟಣಗಳಲ್ಲಿ ಗಂಡಿನ ‘ಗಾಬಲ್’ ಹೊರಡಿಸುವ ರಬ್ಬರ್ ಕೊಳವೆಯೂ ಉಚಿತವಾಗಿ ಬರುತ್ತದೆ. ಅದನ್ನು ಮನೆಯಲ್ಲೇ ಬಿಡಿ. ವಸಂತದಲ್ಲಿ ಎಲ್ಲರೂ ಹುಡುಕುವುದು ಗಂಡನ್ನೇ. ಸಾರ್ವಜನಿಕ ಕಾಡಿನಲ್ಲಿ ಆ ದನಿ ಇನ್ನೊಬ್ಬ ಬೇಟೆಗಾರನನ್ನು ನಿಮ್ಮತ್ತ ಎಳೆಯುತ್ತದೆ, ಅವನು ನಿಮ್ಮನ್ನೇ ಹಕ್ಕಿಯೆಂದು ತಿಳಿದು ಗುಂಡು ಹಾರಿಸಬಹುದು. ಗಂಡಿನ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿಯನ್ನು ಮೈಮೇಲೆ ಹಾಕಬಾರದು, ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು ಎನ್ನುವುದೂ ಇದೇ ಕಾರಣಕ್ಕೆ. ಧ್ವನಿಮುದ್ರಿತ ಎಲೆಕ್ಟ್ರಾನಿಕ್ ಕಾಲ್‌ಗಳಿಗೆ ಟರ್ಕಿ ಬೇಟೆಯಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನಿಷೇಧವಿದೆ, ಅವಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿ.

ಬಾಳಿಕೆಯ ಮಾತಿಗೆ ಬಂದರೆ, ಬಾಕ್ಸ್ ದಶಕಗಳ ಕಾಲ ಉಳಿಯುತ್ತದೆ, ಡಯಾಫ್ರಮ್ ಒಂದೆರಡು ಸೀಸನ್. ಬಳಸಿದ ಮೇಲೆ ತೊಳೆದು, ರೀಡ್‌ಗಳ ನಡುವೆ ಚಪ್ಪಟೆ ಟೂತ್‌ಪಿಕ್ ತೂರಿಸಿ ಒಣಗಿಸಿ ಫ್ರಿಜ್‌ನಲ್ಲಿಡಿ. ಬಿಸಿಲಿಗೆ ಕಾದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಲೇಟೆಕ್ಸ್ ಬೇಗ ಸುಕ್ಕುಗಟ್ಟುತ್ತದೆ. ಅಂಚು ಅಲೆಅಲೆಯಾದ ರೀಡನ್ನು ಸರಿಪಡಿಸಲು ಬಾರದು, ಎಸೆದು ಹೊಸದು ತೆಗೆದುಕೊಳ್ಳಿ.