ಸಿಗ್ನಲ್ ಆ್ಯಪ್: ಬೆಳೆಗಾರನೊಬ್ಬನ ವಿಮರ್ಶೆ

ರೊಬಸ್ಟಾ ಚೀಲದ ದರ, ಬ್ಯಾಂಕ್ ಸಾಲದ ಕಾಗದಪತ್ರ, ಒತ್ತುವರಿ ತಕರಾರಿಗೆ ವಕೀಲರ ಸಲಹೆ, ಎಲ್ಲವೂ ಮೊಬೈಲಿನಲ್ಲೇ ಓಡಾಡುವ ಚಿಕ್ಕಮಗಳೂರಿನ ಬೆಳೆಗಾರರಿಗೆ ಸಂದೇಶದ ಗುಟ್ಟು ಉಳಿಯುತ್ತದೆಯೇ ಎಂಬುದು ಶೋಕಿಯ ಪ್ರಶ್ನೆಯಲ್ಲ. ವಾಟ್ಸಾಪ್‌ನಂತೆಯೇ ಸಂದೇಶ ಕಳುಹಿಸುವ ಸಿಗ್ನಲ್ ಈ ವಿಷಯದಲ್ಲಿ ನಂಬಿಕೆಗೆ ಅರ್ಹವಾಗಿದೆ. ಎನ್‌ಕ್ರಿಪ್ಷನ್, ಅಂದರೆ ಸಂದೇಶವನ್ನು ಬೇರೆಯವರಿಗೆ ಓದಲಾಗದ ಗುಟ್ಟಿನ ರೂಪಕ್ಕೆ ತಿರುಗಿಸುವ ವಿಧಾನ, ಅದನ್ನು ಬಿಚ್ಚುವ ಕೀಲಿಗಳು ಮಾತನಾಡುವವರ ಫೋನುಗಳಲ್ಲಷ್ಟೇ ಇರುತ್ತವೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದರಿಂದ (ಅಪರಾಧ ಪ್ರಕರಣಗಳನ್ನು ಪರಿಶೀಲಿಸುವ ನಾಗರಿಕರ ಮಂಡಳಿ) ಬಳಕೆದಾರರ ಮಾಹಿತಿ ಕೇಳಿ ಆದೇಶ ಬಂದಾಗ ಸಂಸ್ಥೆಯ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಸಂಪರ್ಕದ ದಿನ ಮಾತ್ರ.

ನಮ್ಮ ವಕೀಲರು ಫೋನ್ ಬದಲಿಸಿದಾಗ ಅವರ ಸುರಕ್ಷತಾ ಸಂಖ್ಯೆ (ಆ ಕಡೆ ಇರುವವರು ನಿಜಕ್ಕೂ ಅವರೇ ಎಂದು ತಾಳೆ ನೋಡುವ ಅಂಕಿಗಳು) ಬದಲಾಗಿದೆ ಎಂಬ ಸೂಚನೆ ತಾನಾಗಿಯೇ ಕಾಣಿಸಿಕೊಂಡಿತು. ಅವರ ಕಚೇರಿಯಲ್ಲಿ ಎರಡೂ ಫೋನುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು 60 ಅಂಕಿಗಳನ್ನು ಓದಿ ತಾಳೆ ನೋಡಿದೆವು. ಕ್ಯುಆರ್ ಕೋಡ್ ಇದ್ದರೂ ವಕೀಲರಿಗೆ ಓದಿಯೇ ತೀರಬೇಕಿತ್ತು.

ಸರ್ಕಾರಗಳಿಗೆ ಇಂತಹ ಬಿಗಿ ಇಷ್ಟವಿಲ್ಲ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು, ಆದೇಶ ಬಂದರೆ, ಸಂದೇಶವನ್ನು ಮೊದಲು ಹರಿಬಿಟ್ಟವರನ್ನು ಗುರುತಿಸಿ ಕೊಡಬೇಕೆಂದು ನಮ್ಮ 2021ರ ಐಟಿ ನಿಯಮಗಳು ಹೇಳುತ್ತವೆ; ಅದನ್ನು ಪ್ರಶ್ನಿಸಿ ವಾಟ್ಸಾಪ್ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಸರ್ಕಾರದ ಆತಂಕ ಪೊಳ್ಳಲ್ಲ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ಬೀದರ್ ಜಿಲ್ಲೆಯಲ್ಲಿ ಒಬ್ಬರ ಜೀವ ತೆಗೆದದ್ದನ್ನು ಮರೆಯಲಾಗದು. ಆದರೆ ಎನ್‌ಕ್ರಿಪ್ಷನ್‌ನಲ್ಲಿ ಪೊಲೀಸರಿಗೆಂದು ಇಟ್ಟ ಹಿಂಬಾಗಿಲು ಬರುವವರ ಸಮವಸ್ತ್ರ ನೋಡಿ ತೆರೆದುಕೊಳ್ಳುವುದಿಲ್ಲ. ಅಮೆರಿಕದ ದೂರವಾಣಿ ಕಂಪನಿಗಳಲ್ಲಿ ಕಾನೂನುಬದ್ಧ ಕದ್ದಾಲಿಕೆಗೆಂದು ಇದ್ದ ವ್ಯವಸ್ಥೆಗೇ ಚೀನಾದ ಹ್ಯಾಕರ್‌ಗಳು ನುಗ್ಗಿದ್ದು 2024ರಲ್ಲಿ ಬಯಲಾಯಿತು. ವರ್ಷಗಟ್ಟಲೆ ಎನ್‌ಕ್ರಿಪ್ಷನ್ ವಿರುದ್ಧ ದೂರುತ್ತಿದ್ದ ಅಲ್ಲಿನ ಸರ್ಕಾರದ ಅಧಿಕಾರಿಗಳೇ ಆಮೇಲೆ ಎನ್‌ಕ್ರಿಪ್ಟ್ ಆದ ಆ್ಯಪ್‌ಗಳನ್ನು ಬಳಸಿ ಎಂದು ಜನರಿಗೆ ಹೇಳಬೇಕಾಯಿತು! ಬಳಕೆದಾರರ ಬ್ಯಾಕಪ್ ನೋಡಲು ದಾರಿ ಕೊಡಬೇಕೆಂಬ ಬ್ರಿಟನ್ನಿನ ಗುಪ್ತ ಆದೇಶದ ಬೆನ್ನಿಗೇ, 2025ರ ಫೆಬ್ರುವರಿಯಲ್ಲಿ, ಆಪಲ್ ತನ್ನ ಕ್ಲೌಡ್ ಬ್ಯಾಕಪ್‌ನ ಅತಿ ಬಿಗಿಯಾದ ರಕ್ಷಣೆಯನ್ನು ಆ ದೇಶದಲ್ಲಿ ಹಿಂತೆಗೆದುಕೊಂಡಿತು. ಎನ್‌ಕ್ರಿಪ್ಷನ್ ಸಡಿಲಿಸುವ ಬದಲು ಬ್ರಿಟನ್ನನ್ನೇ ಬಿಟ್ಟು ಹೋಗುವುದಾಗಿ ಸಿಗ್ನಲ್‌ನ ಅಧ್ಯಕ್ಷೆ ಮೆರೆಡಿತ್ ವಿಟೇಕರ್ 2023ರಲ್ಲೇ ಹೇಳಿದ್ದರು. ಈ ಹಟವೇ ಆ್ಯಪ್‌ನ ಮುಖ್ಯ ಗುಣವೆಂದು ನಾನು ಭಾವಿಸುತ್ತೇನೆ.

ಕೊರತೆಗಳೂ ಇವೆ. ನೋಂದಣಿಗೆ ಫೋನ್ ನಂಬರ್ ಕೊಡಲೇಬೇಕು, ಆದರೆ 2024ರಿಂದ ಅದನ್ನು ಇತರರಿಂದ ಮರೆಮಾಡಬಹುದು. ಲಾಕ್ ಇಲ್ಲದ ಫೋನ್ ಪರರ ಕೈಗೆ ಸಿಕ್ಕರೆ ಯಾವ ಎನ್‌ಕ್ರಿಪ್ಷನ್ನೂ ಕಾಯದು. ಕಾಫಿ ಖರೀದಿದಾರರು, ಕೂಲಿಯಾಳುಗಳ ಮೇಸ್ತ್ರಿ ಎಲ್ಲರೂ ವಾಟ್ಸಾಪಿನಲ್ಲೇ ಇರುವುದರಿಂದ ಅದನ್ನು ಅಳಿಸಲು ಸಾಧ್ಯವಾಗಿಲ್ಲ. ಲೆಕ್ಕಪರಿಶೋಧಕರು ಮತ್ತು ವಕೀಲರೊಂದಿಗಿನ ವ್ಯವಹಾರವನ್ನಷ್ಟೇ ಸಿಗ್ನಲ್‌ಗೆ ಸಾಗಿಸಿದ್ದೇನೆ. ಐದರಲ್ಲಿ ನಾಲ್ಕು ಅಂಕ.